ಗಲ್ಲಾಕ್ಕೆ ಸತುವಿನ ಹೊದಿಕೆ: ದ್ರವ ಲೋಹ ಏನು, ಏನಲ್ಲ

ಮಾಟುಂಗದ ಹೋಟೆಲಿನ ಯಜಮಾನರು ನಾನು ಕೊಟ್ಟ ಸ್ಯಾಂಪಲ್ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಗೈ ಅಗಲದ ಹಲಗೆ. ಮೇಲೆ ಮಂಕು ಬೂದುಬಣ್ಣ, ಅದರೊಳಗಿಂದ ಇಣುಕುವ ಸಣ್ಣ ಹೊಳಪು. ಉಗುರಿನಿಂದ ಗೀಚಿದರು. ಆಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದರು. ಟಕ್ ಟಕ್ ಅಂತ ಮರದ ಸದ್ದು ಬಂತು.

"ನೋಡ್ಲಿಕ್ಕೆ ತಗಡು, ಸದ್ದು ಹಲಗೆಯದ್ದು. ಎಂತ ಮಾರಾಯ್ರೆ ಇದು?"

ಗಲ್ಲಾದ ಮುಂಭಾಗಕ್ಕೆ ಮತ್ತು ಅದರ ಹಿಂದಿನ ಗೋಡೆಗೆ ಈ ಕೆಲಸ ಆಗಬೇಕಿತ್ತು. ಮುಂಬೈಯಲ್ಲಿ ಒಳಾಂಗಣದ ಕೆಲಸ ಮಾಡುವ ನನಗೆ ಈಗ ಪ್ರತಿ ಎರಡನೇ ಗಿರಾಕಿಯಿಂದ ಇದೇ ಪ್ರಶ್ನೆ ಬರುತ್ತದೆ. ಲಿಕ್ವಿಡ್ ಮೆಟಲ್, ಲಿಕ್ವಿಡ್ ಜಿಂಕ್ ಅನ್ನುವ ಹೆಸರು ಫೋನಿನಲ್ಲಿ ಎಲ್ಲರ ಕಣ್ಣಿಗೂ ಬಿದ್ದಿದೆ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಮಾತ್ರ ಗೊತ್ತಿಲ್ಲ. ಗೊತ್ತಿಲ್ಲದೆ ಹಾಕಿಸಿಕೊಂಡವರ ದುಡ್ಡು ಒಂದೆರಡು ಮಳೆಗಾಲದಲ್ಲೇ ನೀರಿಗೆ ಹೋದದ್ದನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ. ನಮ್ಮ ಊರ ಕಡೆ ಕೊಟ್ಟಿಗೆಗೆ ಹೊದಿಸುವ ಅಲೆ ಅಲೆಯ ತಗಡಿಗೆ ಜಿಂಕ್ ಶೀಟ್ ಅನ್ನುತ್ತೇವೆ. ಮುಂಬೈಯಲ್ಲಿ ಅದೇ ಪತ್ರಾ. ಅದು ಜಿಂಕಿನ ಹಾಳೆ ಅಲ್ಲ, ಉಕ್ಕಿನ ಹಾಳೆ. ಮೇಲೆ ಕೂದಲೆಳೆಗಿಂತ ತೆಳುವಾದ ಸತುವಿನ ಪದರ ಇರುತ್ತದೆ, ಅಷ್ಟೇ. ಜಿಂಕ್ ಅಂದರೆ ಕನ್ನಡದಲ್ಲಿ ಸತು. ಪಾತ್ರೆಗೆ ಹಾಕಿಸುವ ಕಲಾಯಿ ಕೂಡ ಸತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ತವರ, ಬೇರೆಯೇ ಲೋಹ. ಈ ಮೂರನ್ನೂ ತಲೆಯಲ್ಲಿ ಬೇರೆ ಬೇರೆ ಇಟ್ಟುಕೊಂಡರೆ ಮುಂದಿನದು ಸುಲಭ.

ಇನ್ನು "ದ್ರವ" ಅನ್ನುವ ಮಾತು. ಸತು ನಿಜವಾಗಿ ಕರಗಿ ನೀರಾಗಬೇಕಾದರೆ 419 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಷ್ಟು ಬಿಸಿಯ ಲೋಹವನ್ನು ಹೋಟೆಲಿನ ಪ್ಲೈವುಡ್ ಮೇಲೆ ಯಾರೂ ಸುರಿಯುವುದಿಲ್ಲ, ಅಲ್ವಾ? ಇಲ್ಲಿ ಕರಗಿಸುವ ಮಾತೇ ಇಲ್ಲ. ಹಿಟ್ಟಿನಷ್ಟು ನುಣುಪಾದ ಸತುವಿನ ಪುಡಿಯನ್ನು ಅಂಟಾದ ರಾಳದಲ್ಲಿ ಕಲಸುತ್ತಾರೆ. ಅದಕ್ಕೆ ಗಟ್ಟಿಯಾಗಿಸುವ ಹಾರ್ಡನರ್ ಸೇರಿಸಿ ಸ್ಪ್ರೇ ಗನ್ನಿನಿಂದ ಹೊಡೆಯುತ್ತಾರೆ, ಇಲ್ಲವೇ ಕರಣೆಯಿಂದ ಬಳಿಯುತ್ತಾರೆ. ರಾಳ ಗಟ್ಟಿಯಾದಾಗ ಪುಡಿ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ಯಜಮಾನರಿಗೆ ನಾನು ಹೇಳಿದ್ದು ಶೇಂಗಾ ಚಿಕ್ಕಿಯ ಉದಾಹರಣೆ. ಶೇಂಗಾಬೀಜ ಅಂದರೆ ಸತುವಿನ ಕಣ. ಬೆಲ್ಲದ ಪಾಕ ಅಂದರೆ ರಾಳ. ಚಿಕ್ಕಿಯ ತುಂಬ ಬೀಜವೇ ಕಾಣುತ್ತದೆ. ಆದರೆ ಹಿಡಿದಿಟ್ಟಿರೋದು ಪಾಕ.

ಈ ಚಿಕ್ಕಿಯಲ್ಲಿ ಬೀಜ ಎಷ್ಟು ಅನ್ನುವುದು ಮುಖ್ಯ. ಮಾರುವವರು ಸಾಮಾನ್ಯವಾಗಿ "90 ಪರ್ಸೆಂಟ್ ಅಸಲಿ ಲೋಹ" ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ತೂಕದ ಲೆಕ್ಕ. ಸತು ನೀರಿಗಿಂತ ಏಳು ಪಟ್ಟಿಗೂ ಸ್ವಲ್ಪ ಜಾಸ್ತಿ ಭಾರ. ರಾಳ ನೀರಿಗಿಂತ ಅಷ್ಟಿಷ್ಟು ಭಾರ ಅಷ್ಟೇ. ಒಣಗಿದ 100 ಗ್ರಾಂ ಲೇಪ ತೆಗೆದುಕೊಳ್ಳಿ. ಅದರಲ್ಲಿ 90 ಗ್ರಾಂ ಸತು ಹಿಡಿಯುವ ಜಾಗ ಸುಮಾರು 12.6 ಘನ ಸೆಂಟಿಮೀಟರ್. ಉಳಿದ 10 ಗ್ರಾಂ ರಾಳ ಹಿಡಿಯುವ ಜಾಗ 8ರಿಂದ 9 ಘನ ಸೆಂಟಿಮೀಟರ್. ಅಂದರೆ ಜಾಗದ ಲೆಕ್ಕ ಹಾಕಿದರೆ ಸತು ನೂರಕ್ಕೆ 60, ರಾಳ 40. ಈ ಒಂದು ಲೆಕ್ಕ ಗೊತ್ತಿದ್ದರೆ ಲೇಪದ ಅರ್ಧ ಸ್ವಭಾವ ಅರ್ಥವಾದ ಹಾಗೆ. ಕಣ್ಣಿಗೆ ಅದು ಲೋಹ. ಬಿಸಿಲು, ಬಿಸಿ, ಹೊಡೆತ ಬಿದ್ದಾಗ ಬಹಳಷ್ಟು ಸಲ ಅದು ರಾಳದ ಹಾಗೆ ನಡೆದುಕೊಳ್ಳುತ್ತದೆ.

ಅಂಗೈ ಇಟ್ಟು ನೋಡಿದರೂ ಇದು ಗೊತ್ತಾಗುತ್ತದೆ. ದಪ್ಪ ಲೋಹ ಕೈಯ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಅದಕ್ಕೆ ತಣ್ಣಗನ್ನಿಸುತ್ತದೆ. ಈ ಲೇಪವೂ ಮೊದಲ ಕ್ಷಣ ತಣ್ಣಗಿರುತ್ತದೆ. ಆಮೇಲೆ ಬೇಗನೆ ಬೆಚ್ಚಗಾಗುತ್ತದೆ. ಕೆಳಗಿರುವುದು ಮರ.

ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನಮ್ಮ ಪ್ಯಾನೆಲ್‌ಗಳು ವಸಾಯಿಯ ಒಂದು ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ತಯಾರಾದವು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಮೊದಲು ಎಲ್ಲ ಕಡೆ ಸೀಲ್ ಮಾಡಿದರು. ಮುಂದೆ, ಹಿಂದೆ, ನಾಲ್ಕೂ ಅಂಚು. ಆಮೇಲೆ ಪ್ರೈಮರ್, ಅದು ಒಣಗಿದ ಮೇಲೆ ಸ್ಪ್ರೇ. ಈ ಮಿಶ್ರಣ ಬಕೆಟಿನಲ್ಲಿ ಸುಮ್ನೆ ನಿಲ್ಲುವುದಿಲ್ಲ. ಸತು ಭಾರವಾದದ್ದರಿಂದ ತಳಕ್ಕೆ ಇಳಿಯುತ್ತದೆ. ಕಲಕುತ್ತಲೇ ಇರಬೇಕು. ಕಲಕುವುದು ತಪ್ಪಿದರೆ ಮೊದಲ ಪ್ಯಾನೆಲಿನಲ್ಲಿ ಲೋಹ ಕಮ್ಮಿ, ಕೊನೆಯದರಲ್ಲಿ ಜಾಸ್ತಿ. ಪಾಲಿಶ್ ಮಾಡಿದಾಗ ಎರಡೂ ಬೇರೆ ಬೇರೆ ಬಣ್ಣ ಕಾಣುತ್ತವೆ.

ಮಾರನೇ ದಿನ ನೋಡಿದರೆ ಯಾರಿಗೇ ಆದರೂ ಬೇಸರ ಆಗಬೇಕು. ಹಲಗೆ ಒಣಗಿದ ಸಿಮೆಂಟಿನ ಹಾಗೆ ಕಾಣುತ್ತದೆ. ಹೊಳಪೇ ಇಲ್ಲ. ಸತುವಿನ ಪ್ರತಿ ಕಣದ ಮೇಲೂ ರಾಳದ ಸಿಪ್ಪೆ ಕೂತಿರುತ್ತದೆ. ಯಜಮಾನರು ಅವತ್ತು ವಸಾಯಿಗೆ ಬಂದಿದ್ದರು. ಮುಖ ಸಪ್ಪಗಾಯಿತು. ಆಗ ನಮ್ಮ ಪಾಲಿಶ್ ಹುಡುಗ, ಬೀದರ್ ಕಡೆಯವನು, 120 ನಂಬರಿನ ಪಾಲಿಶ್ ಪೇಪರ್ ಹಿಡಿದು ಒಂದು ಮೂಲೆಯಲ್ಲಿ ಉಜ್ಜಲು ಶುರು ಮಾಡಿದ. ಬೂದಿಯಂಥ ಧೂಳು ಎದ್ದಿತು. ಒರೆಸಿದಾಗ ಅಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನೀಲಿ ಬೆರೆತ ಬೆಳ್ಳಿ ಬಣ್ಣ ಕಂಡಿತು. 240, 400 ಅಂತ ನುಣುಪು ಪೇಪರಿಗೆ ಹೋದ ಹಾಗೆಲ್ಲ ಅದು ಅಗಲವಾಯಿತು, ಆಳವಾಯಿತು. ಚಿಕ್ಕಿಯನ್ನು ಚೂಪಾದ ಚಾಕುವಿನಿಂದ ಅಡ್ಡ ಕೊಯ್ದರೆ ಬೀಜದ ಒಳಬಿಳುಪು ಕಾಣುತ್ತದಲ್ಲ, ಹಾಗೆ. ಕಣಗಳ ತಲೆ ಸವೆದು ಒಳಗಿನ ಅಸಲಿ ಲೋಹ ಹೊರಗೆ ಬಂದಿತ್ತು. ಲೋಹದ ಬಣ್ಣದ ಪೇಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ ಇದೆ. ಪೇಂಟನ್ನು ಉಜ್ಜಿದರೆ ಹೊಳಪು ಹೋಗುತ್ತದೆ. ಇದನ್ನು ಉಜ್ಜಿದರೆ ಹೊಳಪು ಬರುತ್ತದೆ.

ಉಜ್ಜುವವರಿಗೆ ಮುಖಕ್ಕೆ ಒಳ್ಳೆಯ ಮಾಸ್ಕ್ ಬೇಕೇ ಬೇಕು, ಕರವಸ್ತ್ರ ಸಾಲದು. ಆ ಧೂಳು ಬೆಂಕಿಗೂ ಬೇಗ ಹತ್ತಿಕೊಳ್ಳುವಂಥದ್ದು. ಹತ್ತಿರದಲ್ಲಿ ವೆಲ್ಡಿಂಗ್ ಕಿಡಿ ಇರಬಾರದು.

ಇಷ್ಟೆಲ್ಲ ಯಾಕೆ, ಸತುವಿನ ಹಾಳೆಯನ್ನೇ ಹಚ್ಚಬಹುದಲ್ಲ ಅಂತ ನೀವು ಕೇಳಬಹುದು. ಹಚ್ಚಬಹುದು. ಪ್ಯಾರಿಸ್ ನಗರದ ಬೂದು ಮಾಡುಗಳಲ್ಲಿ ಬಹುಪಾಲು 19ನೇ ಶತಮಾನದಿಂದ ಸತುವಿನ ಹಾಳೆಯವೇ. ಆದರೆ ಹಾಳೆಗೆ ಜೋಡಣೆ ಕಾಣುತ್ತದೆ. ಬಿಸಿಗೆ ಹಿಗ್ಗುತ್ತದೆ. ಮೂರು ಮೀಟರ್ ಉದ್ದದ ಸತುವಿನ ಹಾಳೆ 40 ಡಿಗ್ರಿ ಏರಿಳಿತಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗ ಬಿಟ್ಟು ಕೂರಿಸಬೇಕು. ಜಾಲಿ, ಕೆತ್ತನೆ, ದುಂಡು ಕಂಬ, ಗುಮ್ಮಟದಂಥ ಸೀಲಿಂಗಿನ ಮೇಲೆ ಹಾಳೆಯನ್ನು ಮಡಿಸುವುದು ಆಗದ ಮಾತು. ಲೇಪಕ್ಕೆ ಈ ತೊಂದರೆ ಇಲ್ಲ. ತೂಕವೂ ಕಮ್ಮಿ. 0.7 ಮಿಲಿಮೀಟರ್ ಸತುವಿನ ಹಾಳೆ ಒಂದು ಚದರಡಿಗೆ 460 ಗ್ರಾಂ ಮೇಲೆ ಬರುತ್ತದೆ. 0.3 ಮಿಲಿಮೀಟರ್ ಲೇಪ 130 ಗ್ರಾಂ ಆಸುಪಾಸು.

ಈಗ ಅತಿ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ವರ್ಸೋವಾದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಒಂದು ಫ್ಲ್ಯಾಟಿನ ಬಾಲ್ಕನಿ ರೇಲಿಂಗ್ ನೋಡಲು ನನ್ನನ್ನು ಕರೆದಿದ್ದರು. ಯಾರೋ ಸರಬರಾಜುದಾರ "ಇದು ಸತು, ಗ್ಯಾಲ್ವನೈಸಿಂಗ್ ಬೇಡವೇ ಬೇಡ" ಅಂತ ಹೇಳಿ, ಮಾಮೂಲಿ ಕಬ್ಬಿಣದ ರೇಲಿಂಗಿಗೆ ದ್ರವ ಸತುವಿನ ಲೇಪ ಹೊಡೆದು ಕೊಟ್ಟಿದ್ದ. ಗ್ಯಾಲ್ವನೈಸಿಂಗ್ ಅಂದರೆ ತುಕ್ಕು ಹಿಡಿಯದ ಹಾಗೆ ಕಬ್ಬಿಣಕ್ಕೆ ಸತು ಹಿಡಿಸುವುದು. ಮೊದಲ ವರ್ಷ ನೋಡಲು ಎರಡು ಕಣ್ಣು ಸಾಲದು ಅನ್ನುವ ಹಾಗಿತ್ತಂತೆ. ಎರಡನೇ ಮಳೆಗಾಲ ಮುಗಿಯುವಾಗ ಪ್ರತಿ ವೆಲ್ಡಿಂಗ್ ಬೆಸುಗೆಯಿಂದಲೂ ಕೆಂಪು ತುಕ್ಕಿನ ಗೆರೆ ಇಳಿದಿತ್ತು. ನಾನು ಒಂದು ಗುಳ್ಳೆಯನ್ನು ಪೆನ್‌ನೈಫಿನಿಂದ ಎತ್ತಿದೆ. ಸತುವಿನ ಪದರ ಬಿಲ್ಲೆಯ ಹಾಗೆ ಎದ್ದು ಬಂತು. ಅದು ಹೊಸದರ ಹಾಗೇ ಇತ್ತು. ಕೆಳಗಿನ ಕಬ್ಬಿಣ ಪುಡಿಯಾಗಿತ್ತು.

ಇದೇ ತಿರುಗುಮುರುಗು ಆಗಬೇಕಿತ್ತು. ಸತು ಸವೆಯಬೇಕಿತ್ತು, ಕಬ್ಬಿಣ ಉಳಿಯಬೇಕಿತ್ತು.

ಸತು ಕಬ್ಬಿಣವನ್ನು ಕಾಯುವ ಬಗೆ ಮಾಮೂಲಿ ಪೇಂಟಿನಂತಲ್ಲ. ಎರಡೂ ಲೋಹ ಒಂದಕ್ಕೊಂದು ತಾಗಿಕೊಂಡು, ಉಪ್ಪು ನೀರು ಸಿಕ್ಕಿದರೆ, ಅದು ಒಂದು ಪುಟ್ಟ ಬ್ಯಾಟರಿಯಾಗುತ್ತದೆ. ಅದರಲ್ಲಿ ಸತು ತಾನು ಕರಗುತ್ತದೆ, ಕಬ್ಬಿಣವನ್ನು ಕರಗಲು ಬಿಡುವುದಿಲ್ಲ. ಹಡಗಿನ ತಳಕ್ಕೆ ಸತುವಿನ ಗಟ್ಟಿಗಳನ್ನು ಕಟ್ಟುವುದು ಇದಕ್ಕೇ. ಹಡಗಿನ ಬದಲು ಆ ಗಟ್ಟಿ ಸವೆಯುತ್ತದೆ. ಸವೆದ ಮೇಲೆ ಹೊಸದು ಹಾಕುತ್ತಾರೆ. ಆದರೆ ಇದಕ್ಕೆ ಒಂದೇ ಷರತ್ತು. ಸತು ಕಬ್ಬಿಣಕ್ಕೆ ನೇರವಾಗಿ ತಾಗಿರಬೇಕು.

ಗ್ಯಾಲ್ವನೈಸಿಂಗ್‌ನಲ್ಲಿ ಹೀಗೆ ತಾಗಿಸುತ್ತಾರೆ. ಕಬ್ಬಿಣವನ್ನು ಆಸಿಡ್ಡಿನಲ್ಲಿ ತೊಳೆದು, ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಇದಕ್ಕೆ 1837ರಲ್ಲಿ ಪೇಟೆಂಟ್ ಪಡೆದರು. ಆ ಬಿಸಿಯಲ್ಲಿ ಸತು ಮತ್ತು ಕಬ್ಬಿಣ ಬೆರೆತು ಮಿಶ್ರಲೋಹದ ಪದರಗಳಾಗುತ್ತವೆ. ಎರಡನೆಯ ದಾರಿ, ಸತುವಿನ ತಂತಿಯನ್ನು ಕರಗಿಸಿ ಗಾಳಿಯ ಒತ್ತಡದಲ್ಲಿ ಉಕ್ಕಿನ ಮೇಲೆ ಸಿಂಪಡಿಸುವುದು. ಸೇತುವೆಯಂಥ ದೊಡ್ಡ ರಚನೆಗಳನ್ನು ತೊಟ್ಟಿಯಲ್ಲಿ ಮುಳುಗಿಸಲು ಆಗುವುದಿಲ್ಲ, ಅಲ್ಲಿಗೆ ಇದು. ಮೂರನೆಯದು ಜಿಂಕ್ ರಿಚ್ ಪ್ರೈಮರ್. ಮರಳಿನಂಥ ಗಟ್ಟಿ ಪುಡಿ ಹೊಡೆದು ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಇದನ್ನು ನೇರವಾಗಿ ಬಳಿಯಬೇಕು. ಒಣಗಿದ ಪದರದಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ 80 ಪರ್ಸೆಂಟ್ ಸತುವಿನ ಪುಡಿ ಇರಬೇಕು ಅನ್ನುತ್ತದೆ ಉಕ್ಕಿನ ಪೇಂಟಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12944. ಯಾಕೆ ಅಷ್ಟು? ಚಿಕ್ಕಿಯಲ್ಲಿ ಬೀಜಕ್ಕೆ ಬೀಜ ತಾಗಿರಬೇಕು. ಪಾಕ ಜಾಸ್ತಿಯಾದರೆ ಬೀಜಗಳು ದೂರ ದೂರ ಕೂರುತ್ತವೆ, ವಿದ್ಯುತ್ ಹರಿಯುವುದಿಲ್ಲ, ಬ್ಯಾಟರಿ ಆಗುವುದಿಲ್ಲ.

ಹಾಗಾದರೆ 90 ಪರ್ಸೆಂಟ್ ಸತು ಇರುವ ನಮ್ಮ ಅಲಂಕಾರದ ಲೇಪ ಕಬ್ಬಿಣವನ್ನು ಯಾಕೆ ಕಾಯುವುದಿಲ್ಲ? ಒಳ್ಳೆಯ ಪ್ರಶ್ನೆ. ಯಾಕೆಂದರೆ ಅದನ್ನು ಪ್ರೈಮರಿನ ಮೇಲೆ ಹೊಡೆಯುತ್ತಾರೆ. ನಡುವೆ ಪ್ಲಾಸ್ಟಿಕ್ಕಿನಂಥ ಪರದೆ. ಸತು ಮೇಲೆ, ಕಬ್ಬಿಣ ಕೆಳಗೆ, ಇಬ್ಬರಿಗೂ ಮಾತುಕತೆಯೇ ಇಲ್ಲ. ವರ್ಸೋವಾದ ಬೆಸುಗೆಗಳಲ್ಲಿ ಪ್ರೈಮರ್ ಸರಿಯಾಗಿ ಕೂತಿರಲಿಲ್ಲ. ಉಪ್ಪು ನೀರು ಸಂದಿಯಿಂದ ಒಳಗೆ ಹೋಯಿತು. ಮೇಲಿನ ಸತು ಏನೂ ಮಾಡಲಾಗದೆ ಅಂದವಾಗಿಯೇ ಉಳಿಯಿತು.

ಆದ್ದರಿಂದ ಹೊರಗಿನ ಕಬ್ಬಿಣಕ್ಕೆ ಈ ಲೇಪ ಬೇಕೆನ್ನುವವರಿಗೆ ನಾನು ಹೇಳುವುದು ಒಂದೇ. ಮೊದಲು ವೆಲ್ಡಿಂಗ್ ಎಲ್ಲ ಮುಗಿಸಿ ಗ್ಯಾಲ್ವನೈಸ್ ಮಾಡಿಸಿ. ಅದರ ಮೇಲೆ ಗ್ಯಾಲ್ವನೈಸಿಂಗಿಗೆ ಹೊಂದುವ ಪ್ರೈಮರ್. ಅದರ ಮೇಲೆ ಬೇಕಾದರೆ ಅಂದಕ್ಕೆ ಇದು. ಗ್ಯಾಲ್ವನೈಸಿಂಗ್ ಕೂಡ ಸಮುದ್ರದ ಪಕ್ಕ ಶಾಶ್ವತ ಅಲ್ಲ. ಐಎಸ್‌ಒ 9223 ಪ್ರಕಾರ ಸಿ5 ದರ್ಜೆಯ ಕಠಿಣ ಹವೆಯಲ್ಲಿ ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್). ದಪ್ಪ ಉಕ್ಕಿನ ಮೇಲೆ 85 ಮೈಕ್ರಾನ್ ಇದ್ದರೆ ಅಂಥ ಕಡೆ 10ರಿಂದ 20 ವರ್ಷ. ತೆಳು ಪೈಪಿನ ಮೇಲೆ ಪದರವೂ ತೆಳು, ಆಯಸ್ಸೂ ಕಮ್ಮಿ. ಮೇಲಿನ ಲೇಪ ಸರಿಯಾಗಿದ್ದರೆ ಆ ಆಯಸ್ಸು ಬೆಳೆಯುತ್ತದೆ.

ಇನ್ನು ಸತುವಿನ ಬಣ್ಣ. ಇದು ನನಗೆ ತುಂಬ ಇಷ್ಟವಾದ ಭಾಗ.

ಉಜ್ಜಿದ ಸತು ಗಾಳಿಗೆ ತೆರೆದುಕೊಂಡ ಕೂಡಲೇ ಬದಲಾಗಲು ಶುರುವಾಗುತ್ತದೆ. ಗಾಳಿಯ ಆಮ್ಲಜನಕದಿಂದ ಆಕ್ಸೈಡ್, ತೇವದಿಂದ ಹೈಡ್ರಾಕ್ಸೈಡ್, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕಾರ್ಬನೇಟ್. ಕೊನೆಗೆ ಮಂಕು ಬೂದುನೀಲಿಯ ಗಟ್ಟಿ ಪದರ ನಿಲ್ಲುತ್ತದೆ. ಒದ್ದೆಯಾಗಿ ಒಣಗಿ, ಒದ್ದೆಯಾಗಿ ಒಣಗಿದರೆ ಮಾತ್ರ ಇದು ಚೆನ್ನಾಗಿ ಕೂರುತ್ತದೆ. ಒಣಗಲು ಬಿಡದೆ ಒದ್ದೆಯಲ್ಲೇ ಮುಚ್ಚಿಟ್ಟರೆ ಬಿಳಿ ಬಿಳಿ ಸುಣ್ಣದಂಥ ಪುಡಿ ಏಳುತ್ತದೆ. ಅದನ್ನು ಬಿಳಿ ತುಕ್ಕು ಅನ್ನುತ್ತೇವೆ. ಜುಲೈ ತಿಂಗಳ ಮುಂಬೈ ನೆನೆಸಿಕೊಳ್ಳಿ. ಒಣಗುವುದು ಎಲ್ಲಿ? ಅದಕ್ಕೇ ಮಳೆಗಾಲದಲ್ಲಿ ಪ್ಯಾನೆಲ್‌ಗಳನ್ನು ಒಂದರ ಮೇಲೊಂದು ಪ್ಲಾಸ್ಟಿಕ್ ಸುತ್ತಿ ಇಡಬಾರದು.

ಕೆಲವರಿಗೆ ಬೂದು ಬೇಡ, ಕಪ್ಪು ಬೇಕು. ಸತುವನ್ನು ಕಪ್ಪು ಮಾಡುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬಿದ್ರಿ ಹೂಜಿ, ಬಿದ್ರಿ ತಟ್ಟೆ ನೋಡಿದ್ದೀರಲ್ಲ? ಅದರ ಮೈ ಕಬ್ಬಿಣ ಅಂದುಕೊಳ್ಳುವವರೇ ಜಾಸ್ತಿ. ಅದು ಸತು. ನೂರಕ್ಕೆ 90ಕ್ಕೂ ಮೀರಿ ಸತು, ಜೊತೆಗೆ ಸ್ವಲ್ಪ ತಾಮ್ರ. ಬೆಳ್ಳಿಯ ಕುಸುರಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದನ್ನು ಕಾಯಿಸುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕುಸುರಿಗೆ ಮುಂಚೆ ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುವುದೂ ಉಂಟು. ಅಡಿಕೆ ತೋಟಕ್ಕೆ ಸುಣ್ಣ ಬೆರೆಸಿ ಹೊಡೆಯುವ ಅದೇ ಮೈಲುತುತ್ತ. ಅದರಲ್ಲಿರುವ ತಾಮ್ರ ಸತುವಿನ ಮೇಲೆ ಕಪ್ಪಾಗಿ ಕೂರುತ್ತದೆ. ನಮ್ಮ ಪಾಲಿಶ್ ಹುಡುಗ ಒಂದು ಸಣ್ಣ ತುಂಡಿನ ಮೇಲೆ ಸ್ಪಂಜಿನಿಂದ ಇದನ್ನೇ ಸವರಿ ತೋರಿಸಿದ. ಕಣ್ಣೆದುರೇ ಮಸಿ ಹರಡಿತು. ಆಮೇಲೆ ಉಬ್ಬು ಜಾಗವನ್ನು ಮಾತ್ರ ಉಜ್ಜಿದ. ತಗ್ಗಿನಲ್ಲಿ ಕಪ್ಪು, ಉಬ್ಬಿನಲ್ಲಿ ಬೆಳ್ಳಿ. ಯಜಮಾನರು ಹಿಂದಿನ ಗೋಡೆಗೆ ಅದನ್ನೇ ಆರಿಸಿದರು.

ಇದೇ ಕಾರಣಕ್ಕೆ ತಾಮ್ರದ ಮೇಲೆ ಹರಿದ ನೀರು ಸತುವಿನ ಮೇಲೆ ಬೀಳಬಾರದು. ಹೊರಗಿನ ಗೋಡೆಯಲ್ಲಿ ಮೇಲೆ ತಾಮ್ರ, ಕೆಳಗೆ ಸತು ಇದ್ದರೆ ಕೆಳಗಿನದು ಕಪ್ಪು ಕಲೆಯಾಗಿ ಕೊರೆದುಹೋಗುತ್ತದೆ.

ಹೋಟೆಲಿಗೆ ಬಂದರೆ ದೊಡ್ಡ ಪ್ರಶ್ನೆ ಹುಳಿಯದ್ದು. ಸತು ಹುಳಿಗೂ ಕರಗುತ್ತದೆ, ಕಾಸ್ಟಿಕ್ ಸೋಡಾದಂಥ ಕ್ಷಾರಕ್ಕೂ ಕರಗುತ್ತದೆ. ನಾನು ಅವರ ಮುಂದೆಯೇ ಸೀಲ್ ಮಾಡದ ಸ್ಯಾಂಪಲ್ ಮೇಲೆ ಅರ್ಧ ಹೋಳು ನಿಂಬೆ ಕವುಚಿಟ್ಟೆ. ಒಂದು ಕಾಫಿ ಕುಡಿದು ಮುಗಿಸಿ ತೆಗೆದಾಗ ಅಲ್ಲಿ ನಿಂಬೆಯ ಬಳೆಯ ಗುರುತು ಬಿದ್ದಿತ್ತು, ಬಿಳಿಚಿಕೊಂಡ ಹಾಗೆ. ಒರೆಸಿದರೂ ಹೋಗಲಿಲ್ಲ. ಸಾಂಬಾರಿನ ಹುಣಸೆಹುಳಿ, ಮಜ್ಜಿಗೆ, ಟೊಮೆಟೊ, ಎಲ್ಲವೂ ಹೀಗೇ. ಹಾಗಾಗಿ ಊಟ ಬಡಿಸುವ ಮೇಜಿನ ಮೇಲ್ಭಾಗಕ್ಕೆ, ಅಡಿಗೆಕಟ್ಟೆಗೆ ಇದು ಬೇಡ ಅಂತ ಖಡಾಖಂಡಿತ ಹೇಳಿದೆ. ಗಲ್ಲಾದ ಮೇಲ್ಭಾಗಕ್ಕೆ ಕಪ್ಪು ಗ್ರಾನೈಟ್, ಮುಂಭಾಗಕ್ಕೆ ಮಾತ್ರ ಸತು. ನೆಲ ಒರೆಸುವ ಹುಡುಗನಿಗೂ ಹೇಳಿದೆವು, ಆಸಿಡ್ ಮುಟ್ಟಿಸಬೇಡ, ಒದ್ದೆ ಬಟ್ಟೆ ಸಾಕು.

ಮೇಲೆ ಏನು ಬಳಿಯಬೇಕು ಅನ್ನುವುದರಲ್ಲಿ ಎರಡು ದಾರಿ. ಮೇಣ ಸವರಿದರೆ ಲೋಹ ಲೋಹದ ಹಾಗೇ ಕಾಣುತ್ತದೆ, ಮುಟ್ಟಲು ಹಿತ, ಕಾಲ ಕಳೆದಂತೆ ಬಣ್ಣ ಮಾಗುತ್ತದೆ. ಆದರೆ ಕಲೆ ತಡೆಯುವ ಶಕ್ತಿ ಕಮ್ಮಿ, ಆಗಾಗ ಸವರಬೇಕು. ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನಂಥ ಪಾರದರ್ಶಕ ಮ್ಯಾಟ್ ಕೋಟ್ ಹೊಡೆದರೆ ಹುಳಿ, ಬೆವರು, ಎಣ್ಣೆಕೈ ಎಲ್ಲ ತಡೆಯುತ್ತದೆ. ಆದರೆ ಸತು ಗಾಜಿನ ಹಿಂದೆ ಕೂತ ಹಾಗೆ, ಮಾಗುವುದು ನಿಲ್ಲುತ್ತದೆ. ನನ್ನ ಮನಸ್ಸು ಯಾವಾಗಲೂ ಮೇಣದ ಕಡೆಗೆ. ಆದರೂ ದಿನಕ್ಕೆ ನೂರಾರು ಜನ ಒರಗಿ ನಿಲ್ಲುವ ಗಲ್ಲಾಕ್ಕೆ ಪಾಲಿಯುರೆಥೇನ್ ಹೊಡೆಸಿದೆ, ಯಾರ ಕೈಯೂ ತಾಗದ ಹಿಂಗೋಡೆಗೆ ಮೇಣ. ಬಿಸಿಲಿಗೆ ತೆರೆದ ಕಡೆ ಎಪಾಕ್ಸಿ ಕೋಟ್ ಬೇಡ, ಅದು ಹಳದಿಯಾಗುತ್ತದೆ.

ಎಂಡಿಎಫ್ ವಿಷಯದಲ್ಲಿ ಇನ್ನೊಂದು ಮಾತು. ವರ್ಷಕ್ಕೆ 2000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿದು. ಹಲಗೆಯ ಅಂಚಿನಿಂದ ತೇವ ಒಳಗೆ ಹೋದರೆ ಅದು ಊದುತ್ತದೆ, ಮೇಲಿನ ಲೇಪ ಎಷ್ಟೇ ಒಳ್ಳೆಯದಿದ್ದರೂ ಬಿರುಕು ಬಿಡುತ್ತದೆ. ನಮ್ಮ ಗಲ್ಲಾದ ಕೆಳ ಅಂಚನ್ನು ನೆಲದಿಂದ ನಾಲ್ಕು ಇಂಚು ಮೇಲೆತ್ತಿ, ಕೆಳಗೆ ಗ್ರಾನೈಟ್ ಪಟ್ಟಿ ಕೊಟ್ಟೆವು. ನೆಲ ತೊಳೆದ ನೀರು ಹಲಗೆಗೆ ತಾಗುವುದಿಲ್ಲ. ಹೊಸ ಸಿಮೆಂಟ್ ಗೋಡೆಯ ಮೇಲೆ ಹೊಡೆಯುವುದಿದ್ದರೆ ಗೋಡೆ ಪೂರ್ತಿ ಒಣಗುವವರೆಗೆ ಕಾಯಲೇಬೇಕು. ಹಸಿ ಸಿಮೆಂಟಿನ ಕ್ಷಾರ ಸತುವನ್ನು ತಿನ್ನುತ್ತದೆ.

ಕೆಲಸ ಮುಗಿದ ದಿನ ಉಳಿದ ಸತುವಿನ ಪುಡಿಯನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬಿಸಿದೆವು. ಯಾವ ಬ್ಯಾಚಿನದು, ರಾಳ ಎಷ್ಟು, ಪುಡಿ ಎಷ್ಟು, ಕೊನೆಯ ಪೇಪರ್ ಯಾವ ನಂಬರಿನದು ಅಂತ ಬರೆದ ಚೀಟಿ ಅಂಟಿಸಿದೆವು. ಮುಂದೆ ಯಾವಾಗಲಾದರೂ ಗ್ಯಾಸ್ ಸಿಲಿಂಡರ್ ತಾಗಿ ಒಂದು ಚೂರು ಎದ್ದರೆ, ಅದೇ ಪುಡಿ ಕಲಸಿ ತುಂಬಿ ಉಜ್ಜಿದರೆ ಗುರುತು ಸಿಗುವುದಿಲ್ಲ. ಬೇರೆ ಬ್ಯಾಚಿನದಾದರೆ ತೇಪೆ ಎದ್ದು ಕಾಣುತ್ತದೆ. ಪುಡಿಗೆ ನೀರು ತಾಗಿದರೆ ಹೈಡ್ರೋಜನ್ ಅನಿಲ ಏಳುತ್ತದೆ, ಅದಕ್ಕೆ ತೇವ ಹೀರುವ ಸಿಲಿಕಾ ಚೀಲ ಎರಡು ಒಳಗೆ ಹಾಕಿ ಮುಚ್ಚಳ ಬಿಗಿ ಮಾಡಿದೆವು. ಒಲೆಯಿಂದ ದೂರ, ನೀರಿನಿಂದ ದೂರ ಇರಲಿ ಅಂದಾಗ ಯಜಮಾನರು ಗಲ್ಲಾದ ಒಳಗಿನ ಮೇಲಿನ ಖಾನೆ ತೆಗೆದರು. ಬಿಲ್ ಬುಕ್ಕುಗಳ ಪಕ್ಕ ಡಬ್ಬಿಯನ್ನು ಇಟ್ಟರು.